ಬಾರದವರ ಸಹಿ

ಡಿಸೆಂಬರ್ 1, ಸೋಮವಾರ

ನಾದಿನಿಗೆ ಭಾವನ ಆಶೀರ್ವಾದ.

ಇಲ್ಲಿ ಎಲ್ಲ ಚೆನ್ನಾಗಿದೆ, ನಿಮ್ಮಕ್ಕನ ಗಂಟಲೂ ಸೇರಿದಂತೆ. ನೀನು ಫೋನು ಕೂಡ ಸಿಗದ ದ್ವೀಪ ಹುಡುಕಿಕೊಂಡು ಹೋಗಿ ಗಾಳಿ ಮಳೆ ಅಳೆಯುತ್ತ ಕೂತ ಮೇಲೆ, ನಿನ್ನ ಕಿವಿಗೆ ಬೀಳಬೇಕಾದ ಮಾತೆಲ್ಲ ನನ್ನ ಕಿವಿಗೇ ಬೀಳುತ್ತಿದೆ. ಆ ಕೆಲಸ ಬೇಡ ಎಂದು ಆಗಲೇ ಹೇಳಿದ್ದೆ. ಇರಲಿ, ಅದು ಹಳೆಯ ಜಗಳ.

ಈಗ ಮುಖ್ಯ ವಿಷಯ. ನಮ್ಮ ನಡಿಗೆ ಸಂಘದ ವರ್ಷಾಂತ್ಯದ ಬೆಟ್ಟದ ನಡಿಗೆ ಇದೇ 28ರ ಭಾನುವಾರ. ಇಪ್ಪತ್ತಮೂರು ಜನ ಹೆಸರು ಕೊಟ್ಟಿದ್ದಾರೆ. ಎಂದಿನಂತೆ ಎಲ್ಲರ ಟೋಪಿಗೂ ಬಣ್ಣದ ರಿಬ್ಬನ್ನು, ತುದಿಯಲ್ಲಿ ಬೇಕರಿಯವನ ಕೇಕು, ಬಿಸಿ ಕೋಕೋ, ಆಮೇಲೆ ಯಾರೂ ಕೇಳಬಾರದಂಥ ಹಾಡು. ನರ್ಸಮ್ಮ ಈ ಸಲ ತನ್ನ ತಾಯಿಯನ್ನೂ ಕರೆತರುತ್ತಾಳಂತೆ. ಎಪ್ಪತ್ತನಾಲ್ಕು ವರ್ಷ ಅವರಿಗೆ. "ಸಾರ್ ಇದಾರಲ್ಲ, ನಂಗೇನು ಭಯ ಇಲ್ಲ" ಎಂದು ಎಲ್ಲರ ಮುಂದೆ ಹೇಳಿದಳು. ಹತ್ತೊಂಬತ್ತು ವರ್ಷ ಮುಂದೆ ನಿಂತು ನಡೆಸಿದವನಿಗೆ ಅಷ್ಟು ಮಾತಾದರೂ ಸಲ್ಲಬೇಡವೇ?

ನಿನ್ನೆ ಮುನ್ನಡಿಗೆ ಮುಗಿಸಿ ಬಂದೆ. ಇನ್ನು ಬೇಕಾದದ್ದು ಬಾರದವರ ಸಹಿ ಒಂದೇ. ನಿಯಮ ನಿನಗೆ ಗೊತ್ತು, ಆದರೂ ಇನ್ನೊಮ್ಮೆ ಹೇಳುತ್ತೇನೆ, ಹೇಳುವುದು ನನಗಿಷ್ಟ. ನಡೆಸುವವನು ಒಂದು ತಿಂಗಳೊಳಗೆ ದಾರಿಯನ್ನು ಪೂರ್ತಿ ನಡೆದು ನೋಡಿ ವರದಿ ಬರೆಯಬೇಕು. ಆ ನಡಿಗೆಗೆ ಬಾರದ ಒಬ್ಬರು ಅದನ್ನು ಓದಿ, ಕೂತಲ್ಲೇ ದಾರಿ ಕಣ್ಣಿಗೆ ಕಟ್ಟಿದರೆ ಸಹಿ ಹಾಕಬೇಕು. ಸಹಿ ಇಲ್ಲದೆ ಒಬ್ಬರೂ ಬುಡದ ಬಸ್ ನಿಲ್ದಾಣ ದಾಟುವಂತಿಲ್ಲ. ಬರುವವರ ಕೈಗೆ ಕೊಟ್ಟರೆ ಹೋಗುವ ಆಸೆಗೆ ಎಲ್ಲದಕ್ಕೂ ಹೂಂ ಅಂದುಬಿಡುತ್ತಾರೆ. ಅದಕ್ಕೇ ಈ ನಿಯಮ, ಅದನ್ನು ಮಾಡಿದವನು ನಾನೇ.

ವರದಿ: ಬಸ್ ನಿಲ್ದಾಣದಿಂದ ಮೊದಲ ತಿರುವು, 14 ನಿಮಿಷ. ಕಬ್ಬಿಣದ ಗೇಟು, 41 ನಿಮಿಷ. ಅಗುಳಿ ಬಿಗಿ, ಎತ್ತಿ ತಳ್ಳಬೇಕು. ಒಡೆದ ಗೋಡೆ, 1 ಗಂಟೆ 8 ನಿಮಿಷ. ಗೋಡೆಯ ಪಕ್ಕ ಕಂದು ಹಸುವೊಂದು ಮಲಗಿದೆ, ಹಾಯುವುದಿಲ್ಲ. ತುದಿ, 2 ಗಂಟೆ 17 ನಿಮಿಷ. ದಾರಿಯೆಲ್ಲ ಭದ್ರ.

ಗುರುವಾರದ ದೋಣಿಯಲ್ಲೇ ಸಹಿ ಹಿಂದಿರುಗಲಿ.

ನಿನ್ನ ಭಾವ


ಡಿಸೆಂಬರ್ 4, ಗುರುವಾರ

ಭಾವನಿಗೆ ನಮಸ್ಕಾರ.

ದೋಣಿ ಇಲ್ಲಿ ನಿಲ್ಲುವುದು ಎರಡೇ ಗಂಟೆ. ತರಕಾರಿ ಇಳಿಸುವಷ್ಟರಲ್ಲಿ ನಿಮ್ಮ ವರದಿಯನ್ನು ಮೂರು ಸಲ ಓದಿದೆ. ಅಕ್ಷರ ದುಂಡಗಿದೆ, ವಾಕ್ಯ ಚಿಕ್ಕದಾಗಿದೆ, ಗೇಟಿನ ಅಗುಳಿ ನನ್ನ ಕೈಗೇ ಸಿಕ್ಕಂತಾಯಿತು. ಅಕ್ಕನ ಗಂಟಲಿಗೆ ನನ್ನ ಕಡೆಯಿಂದ ಬೆಚ್ಚಗಿನ ನೀರು ಕೊಡಿ.

ಇಲ್ಲಿ ನನ್ನ ದಿನ ಬೆಳಗಿನ ಆರಕ್ಕೆ ಶುರು. ಕೋಣೆಯಿಂದ ನೂರ ಹತ್ತು ಹೆಜ್ಜೆ ನಡೆದು, ಮೂರು ಮೆಟ್ಟಿಲು ಹತ್ತಿ, ಬಿಳಿ ಪೆಟ್ಟಿಗೆಯ ಬಾಗಿಲು ತೆರೆದು ಉಷ್ಣಮಾಪಕ ಓದಬೇಕು. ಹೀಗೆ ದಿನಕ್ಕೆ ನಾಲ್ಕು ಸಲ. ಗಾಳಿ ಜೋರಿದ್ದ ದಿನ ನೂರ ಹತ್ತು ಹೆಜ್ಜೆ ಇನ್ನೂರಾಗುತ್ತದೆ. ಕೆಲಸ ನನಗೆ ಒಗ್ಗಿದೆ ಭಾವ, ನೀವು ಹೆದರಿದಷ್ಟೇನೂ ಇಲ್ಲ.

ಸಹಿಗೆ ಮೊದಲು ಮೂರು ಪ್ರಶ್ನೆ. ಒಂದು, ಈ ವರ್ಷ ನಿಮ್ಮ ಕಡೆ ಮಳೆ ವಾಡಿಕೆಯ ಒಂದೂವರೆ ಪಟ್ಟು ಎಂದು ನಮ್ಮ ಪಟ್ಟಿ ಹೇಳುತ್ತದೆ. ದಾರಿಯನ್ನು ಹಿಡಿದು ನಿಲ್ಲಿಸಿರುವ ಆ ಒಡೆದ ಗೋಡೆ ಹೇಗಿದೆ? ಎರಡು, ತುದಿಯಲ್ಲಿ ಎಷ್ಟು ಹೊತ್ತು ಕೂತಿರಿ? ಮೂರು, ಆ ಹಸುವಿನ ಮುಖ ಯಾವ ಕಡೆಗಿತ್ತು?

ಮೂರನೆಯದನ್ನು ಓದಿ ನಗಬೇಡಿ. ಉತ್ತರ ಕಳಿಸಿ.

ನಿಮ್ಮ ನಾದಿನಿ


ಡಿಸೆಂಬರ್ 8, ಸೋಮವಾರ

ನಾದಿನಿಗೆ,

ನಗಲಿಲ್ಲ, ನಗು ಬರಲೂ ಇಲ್ಲ. ಮೊಸರಿನಲ್ಲಿ ಕಲ್ಲು ಹುಡುಕುವುದನ್ನು ಯಾವ ಇಲಾಖೆಯವರು ನಿನಗೆ ಕಲಿಸಿದರೋ ಗೊತ್ತಿಲ್ಲ.

ಉತ್ತರ ಕೇಳು. ಗೋಡೆ ಬಂಡೆಯಂತಿದೆ. ತುದಿಯಲ್ಲಿ ಇಪ್ಪತ್ತು ನಿಮಿಷ ಕೂತೆ, ಎರಡು ಬಾಳೆಹಣ್ಣು ತಿಂದೆ. ಹಸುವಿನ ಮುಖ ಕಣಿವೆಯ ಕಡೆಗಿತ್ತು. ಬೇಕಾದರೆ ಬರೆದುಕೋ, ಅದರ ಎಡಗಿವಿ ತುದಿಯಲ್ಲಿ ಹರಿದಿದೆ. ಸಾಕೋ, ಅದರ ಜಾತಕವೂ ಬೇಕೋ?

ನನಗೆ ಅರ್ಥವಾಗುತ್ತದೆ. ದ್ವೀಪದ ಕೆಲಸಕ್ಕೆ ನಾನು ಅಡ್ಡ ಬಂದೆ ಎಂಬ ಸಿಟ್ಟು ನಿನ್ನಲ್ಲಿ ಇನ್ನೂ ಇದೆ. "ಒಂಟಿ ಹೆಂಗಸು ಅಲ್ಲಿ ಏನ್ ಮಾಡ್ತೀಯ" ಎಂದದ್ದು ತಪ್ಪು, ಒಪ್ಪಿದೆ. ಆದರೆ ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುವ ಹಾಗೆ, ನನ್ನ ಮೇಲಿನ ಸಿಟ್ಟನ್ನು ಇಪ್ಪತ್ತಮೂರು ಜನರ ಸಂತೋಷದ ಮೇಲೆ ತೀರಿಸಿಕೊಳ್ಳಬೇಡ.

ಮೂವತ್ನಾಲ್ಕು ವರ್ಷ ಲಿಫ್ಟ್ ರಿಪೇರಿ ಮಾಡಿದ್ದೇನೆ. ನಾನೇ ಹತ್ತಿ ಇಳಿಯದೆ ಒಂದೇ ಒಂದು ಲಿಫ್ಟಿನ ತಪಾಸಣೆ ಕಾರ್ಡಿಗೂ ಸಹಿ ಹಾಕಿದವನಲ್ಲ. ಅಂಥವನ ಮಾತು ನಿನಗೆ ಸಾಲದೇ? ಬೇಕರಿಯವನು ಆಗಲೇ ಕೇಕಿನ ಡಬ್ಬಿಗೆ ಹೆಗಲಪಟ್ಟಿ ಹೊಲಿಸಿದ್ದಾನೆ. ನರ್ಸಮ್ಮನ ತಾಯಿ ಹೊಸ ಬೂಟು ಹಾಕಿಕೊಂಡು ಮನೆಯೊಳಗೇ ಓಡಾಡಿ ಪಳಗಿಸುತ್ತಿದ್ದಾರಂತೆ.

ಈ ಗುರುವಾರ ಸಹಿ ಬರಬೇಕು.

ಭಾವ


ಡಿಸೆಂಬರ್ 11, ಗುರುವಾರ

ಭಾವನಿಗೆ,

ಈ ಪತ್ರವನ್ನು ವರ್ಕ್‌ಶಾಪಿನ ವಿಳಾಸಕ್ಕೆ ಹಾಕುತ್ತಿದ್ದೇನೆ, ಅಕ್ಕ ಓದಬಾರದೆಂದು.

ನಾನು ಸಹಿ ಹಾಕುವುದಿಲ್ಲ.

ಕಳೆದ ವರ್ಷದ ವರದಿ ನನ್ನ ಟ್ರಂಕಿನಲ್ಲಿದೆ. ಅದರ ಹಿಂದಿನ ವರ್ಷದ್ದೂ ಇದೆ. ಕಳೆದ ವರ್ಷ ಮೊದಲ ತಿರುವು 14 ನಿಮಿಷ, ಗೇಟು 41, ಗೋಡೆ 1 ಗಂಟೆ 8, ತುದಿ 2 ಗಂಟೆ 17. ಈ ವರ್ಷವೂ ಅಷ್ಟೇ, ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ. ನನ್ನ ಕೆಲಸವೇ ಅಂಕಿ ಓದುವುದು. ನಿಜವಾದ ಅಂಕಿ ಯಾವತ್ತೂ ಮತ್ತೆ ಅದೇ ಆಗಿ ಬರುವುದಿಲ್ಲ ಭಾವ. ಒಂದು ಕೆಮ್ಮು, ಬೂಟಿನಲ್ಲಿ ಒಂದು ಕಲ್ಲು, ಏನಾದರೊಂದು ಅದನ್ನು ಅಲುಗಿಸಿರುತ್ತದೆ.

ಇನ್ನು ಆ ಹಸು. ಕಳೆದ ವರ್ಷವೂ ಅದೇ ಗೋಡೆಯ ಪಕ್ಕ, ಕಂದು ಬಣ್ಣ, ಮಲಗಿದೆ, ಹಾಯುವುದಿಲ್ಲ. ಒಂದು ವರ್ಷದಿಂದ ಅದು ಎದ್ದೇ ಇಲ್ಲವೇ? ಅದಕ್ಕೇ ಮುಖ ಯಾವ ಕಡೆ ಎಂದು ಕೇಳಿದೆ. "ಮರೆತೆ" ಎಂದಿದ್ದರೆ ನಾನು ನಂಬುತ್ತಿದ್ದೆನೇನೋ. ನೀವು ಹರಿದ ಕಿವಿಯನ್ನೂ ಕೊಟ್ಟಿರಿ.

ನೀವು ಬೆಟ್ಟ ಹತ್ತಲಿಲ್ಲ. ಹತ್ತೊಂಬತ್ತು ವರ್ಷದ ದಾರಿ, ಕಣ್ಣು ಕಟ್ಟಿದರೂ ನಡೆದೇನು ಎಂಬ ಅಹಂಕಾರ ಬಂದಿದೆ ನಿಮಗೆ. ನೀವು ಕಣ್ಣು ಕಟ್ಟಿಕೊಂಡು ನಡೆಯಿರಿ, ನನ್ನದೇನೂ ಅಡ್ಡಿಯಿಲ್ಲ. ಎಪ್ಪತ್ತನಾಲ್ಕು ವರ್ಷದ ಮುದುಕಿ ನಿಮ್ಮ ಹಿಂದೆ ಬರುತ್ತಾರೆ. ಹತ್ತದ ಲಿಫ್ಟಿಗೆ ಸಹಿ ಹಾಕಿಲ್ಲ ಎಂದು ಎದೆ ತಟ್ಟಿಕೊಂಡು, ಅದೇ ಕಾಗದದಲ್ಲಿ ನನ್ನಿಂದ ಅಂಥದೇ ಸಹಿ ಕೇಳುತ್ತಿದ್ದೀರಿ.

ಇನ್ನೂ ಎರಡು ಭಾನುವಾರ ಇವೆ. ಹತ್ತಿ ಬಂದು ಬರೆಯಿರಿ.

ನಾದಿನಿ


ಡಿಸೆಂಬರ್ 18, ಗುರುವಾರ

ಭಾವನಿಗೆ,

ಇವತ್ತಿನ ದೋಣಿಯಲ್ಲಿ ನಿಮ್ಮ ಪತ್ರ ಇರಲಿಲ್ಲ. ಚೀಲವನ್ನು ತಲೆಕೆಳಗು ಮಾಡಿ ನೋಡಿದೆ. ನಾನು ಈ ದ್ವೀಪಕ್ಕೆ ಬಂದ ಮೇಲೆ ನಿಮ್ಮ ಪತ್ರವಿಲ್ಲದ ಮೊದಲ ಗುರುವಾರ ಇದು.

ಕಳೆದ ವಾರ ಬರೆದದ್ದರಲ್ಲಿ ಒಂದಕ್ಷರವನ್ನೂ ಹಿಂದೆ ತೆಗೆದುಕೊಳ್ಳುವುದಿಲ್ಲ. ಆದರೆ ಬರೆಯದೆ ಬಿಟ್ಟದ್ದು ಒಂದಿದೆ. ನಿಮ್ಮ ವರದಿ ಸುಳ್ಳೆಂದು ಅಷ್ಟು ಬೇಗ ಹೇಗೆ ಹಿಡಿದೆ ಎಂದು ನೀವು ಕೇಳಬೇಕಿತ್ತು. ತಾ ಕಳ್ಳ, ಪರರ ನಂಬ, ಅಷ್ಟೇ.

ಜೂನ್‌ನಲ್ಲಿ ನನಗೆ ಮೂರು ದಿನ ವಿಪರೀತ ಜ್ವರ ಇತ್ತು. ಪೆಟ್ಟಿಗೆಯವರೆಗೆ ನಡೆಯಲು ಆಗಲಿಲ್ಲ. ಹಾಸಿಗೆಯಲ್ಲಿ ಮಲಗಿ ಹಿಂದಿನ ವಾರದ ಅಂಕಿಗಳನ್ನು ಅಲ್ಲಿ ಇಲ್ಲಿ ತಿದ್ದಿ ಬರೆದು ಕಚೇರಿಗೆ ಕಳಿಸಿದೆ. ಹನ್ನೆರಡು ಓದು, ಹನ್ನೆರಡೂ ಸುಳ್ಳು. ಯಾರೂ ಕೇಳಲಿಲ್ಲ. ಜ್ವರ ಎಂದು ತಿಳಿಸಿದರೆ "ಹೇಳಿದ್ವಲ್ಲ, ಒಂಟಿ ಹೆಂಗಸು" ಎನ್ನುತ್ತಾರೆ ಎಂಬ ಭಯ ನನಗೆ. ಆ ಮಾತನ್ನು ಮೊದಲು ಆಡಿದವರು ನೀವು. ಆದ್ದರಿಂದ ನಿಮಗಂತೂ ಹೇಳುವ ಹಾಗೇ ಇರಲಿಲ್ಲ.

ನಿಮಗೆ ಅಷ್ಟು ಖಾರವಾಗಿ ಬರೆದ ಮೇಲೆ ನನಗೆ ಊಟ ಸೇರಲಿಲ್ಲ. ಸೋಮವಾರ ಕಚೇರಿಯನ್ನು ರೇಡಿಯೋದಲ್ಲಿ ಕರೆದು, ಜೂನ್‌ನ ಆ ಮೂರು ದಿನ ಹೊಡೆದುಹಾಕಿ, ಅಲ್ಲಿ 'ಓದಿಲ್ಲ' ಎಂದು ಬರೆದುಕೊಳ್ಳಿ ಎಂದೆ. ಏನು ಮಾಡುತ್ತಾರೋ ಮಾಡಲಿ.

ಭಾವ, ನಾನು ಅಹಂಕಾರ ಎಂದು ಬರೆದೆ. ಅಹಂಕಾರ ಇದ್ದಿದ್ದರೆ ನೀವು ಎರಡು ಹಾಳೆ ಬೈದು ಬರೆಯುತ್ತಿದ್ದಿರಿ. ಸುಮ್ಮನಿದ್ದೀರಿ ಎಂದರೆ ಬೇರೆ ಏನೋ ಇದೆ. ಏನದು?

ನಾದಿನಿ


ಡಿಸೆಂಬರ್ 22, ಸೋಮವಾರ

ಪ್ರೀತಿಯ ನಾದಿನಿಗೆ,

ಆಗಸ್ಟ್‌ನಲ್ಲಿ ಡಾಕ್ಟರ ಹತ್ತಿರ ಹೋಗಿದ್ದೆ. ಎದೆಯೊಳಗಿನ ಒಂದು ಕವಾಟ ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲವಂತೆ. "ಕಡಿದಾದ ಏರು ಬೇಡ. ಸಣ್ಣ ಏರಾದ್ರೆ ನಿಂತು ನಿಂತು ಹೋಗಿ" ಎಂದರು. ಬಾಗಿಲು ಮುಚ್ಚದ ಲಿಫ್ಟನ್ನು ಮೇಲಕ್ಕೆ ಕಳಿಸಬೇಡಿ ಎಂದು ಊರಿಗೆಲ್ಲ ಹೇಳುವವನು ನಾನು. ಮಾತ್ರೆಗಳನ್ನು ವರ್ಕ್‌ಶಾಪಿನಲ್ಲಿ ಬೋಲ್ಟಿನ ಡಬ್ಬಿಯಲ್ಲಿಟ್ಟೆ. ಯಾರಿಗೂ ಹೇಳಲಿಲ್ಲ, ನಿಮ್ಮಕ್ಕನಿಗೂ.

ನವೆಂಬರ್ 30ರಂದು ಮುನ್ನಡಿಗೆಗೆ ಹೊರಟದ್ದು ನಿಜ. ಬುಡದ ಬಸ್ ನಿಲ್ದಾಣದಿಂದ ನೂರು ಹೆಜ್ಜೆ ಹೋದೆ, ಉಸಿರು ಕೈಕೊಟ್ಟಿತು. ಹಿಂದೆ ಬಂದು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಸಂಜೆಯ ಬಸ್ಸು ಬರುವವರೆಗೆ ಕೂತೆ. ಬೇಗ ಮನೆಗೆ ಹೋದರೆ ನಿಮ್ಮಕ್ಕ ಕೇಳುತ್ತಾಳಲ್ಲ. ಜೇಬಿನಲ್ಲಿ ಕಳೆದ ವರ್ಷದ ಟಿಪ್ಪಣಿ ಇತ್ತು, ಅದನ್ನೇ ನೋಡಿ ನಕಲು ಮಾಡಿದೆ. ಹಸುವನ್ನು ಬಿಡಬೇಕಿತ್ತು. ನಿಜ ಹೇಳಲೇ, ಹಸು ಇದ್ದರೆ ನಂಬುತ್ತೀಯ ಎಂದುಕೊಂಡೆ.

28ರಂದು ಹೇಗೋ ಹತ್ತಿಬಿಡುತ್ತೇನೆ, ಆಗಾಗ ಬೂಟಿನ ಲೇಸು ಕಟ್ಟುವ ನೆಪದಲ್ಲಿ ನಿಲ್ಲುತ್ತೇನೆ ಎಂದು ಲೆಕ್ಕ ಹಾಕಿದ್ದೆ. ಮುಂದೆ ನಿಲ್ಲದಿದ್ದರೆ ಆ ಗುಂಪಿನಲ್ಲಿ ನಾನು ಯಾರು? ಅಷ್ಟೇ ಭಯ. ನಿನ್ನ 11ರ ಪತ್ರ ಓದಿ, ಸಹಿ ಇಲ್ಲದೆಯೇ ಹೋಗಿಬಿಡೋಣ, ಯಾರು ಕೇಳುತ್ತಾರೆ ಎಂದು ಒಂದು ವಾರ ಯೋಚಿಸಿದೆ. ಶನಿವಾರ ನಿನ್ನ ಜ್ವರದ ಪತ್ರ ಬಂತು. ನೀನು ಜ್ವರದಲ್ಲಿ ಮಲಗಿ, ನನ್ನ ಮಾತಿಗೆ ಹೆದರಿ ಸುಳ್ಳು ಬರೆದೆಯಲ್ಲ, ಅದು ನನ್ನ ಎದೆಗೆ ಚುಚ್ಚಿತು. ಆ ಮಾತಿಗೆ ಕ್ಷಮೆ ಕೇಳುತ್ತೇನೆ. ಎಂಟನೆಯ ತಾರೀಕಿನಂತೆ ಮೂಗು ಮುರಿದು ಅಲ್ಲ, ಸರಿಯಾಗಿಯೇ ಕೇಳುತ್ತಿದ್ದೇನೆ.

ನಿನ್ನೆ ಮತ್ತೆ ಹೋದೆ. ವರದಿ ಇದು:

ಬಸ್ ನಿಲ್ದಾಣದಿಂದ ಮೊದಲ ತಿರುವು, 37 ನಿಮಿಷ. ನಿಂತದ್ದು ಏಳು ಸಲ. ಎರಡನೆಯ ಸಲ ನಿಂತಲ್ಲಿ ಇಬ್ಬರು ಕೂರಬಹುದಾದ ಚಪ್ಪಟೆ ಕಲ್ಲು ಇದೆ, ಒದ್ದೆ, ಕೆಳಗೆ ಹಾಸಲು ಏನಾದರೂ ಬೇಕು. ನಾಲ್ಕನೆಯದರ ಮುಂದೆ ಬೇರುಗಳು ದಾರಿಗೆ ಅಡ್ಡ ಬಂದಿವೆ, ಎಡಕ್ಕೆ ಸರಿದು ನಡೆಯಬೇಕು. ಐದರ ಹತ್ತಿರ ಒಂದು ನೀರಿನ ಪೈಪು, ಪಾದದ ಗಂಟಿನ ಎತ್ತರ, ತುಕ್ಕಿನ ಬಣ್ಣ ಎಲೆಗಳ ಜೊತೆ ಬೆರೆತು ಕಾಣುವುದಿಲ್ಲ. ನಾನೇ ಎಡವಿದೆ. ತಿರುವಿನಲ್ಲಿ ಮೂವತ್ತು ಜನ ಕೂರುವಷ್ಟು ಸಮತಟ್ಟು ಜಾಗ, ಬಂಡೆಯ ಮರೆ ಇರುವುದರಿಂದ ಗಾಳಿ ಇಲ್ಲ. ಊರು ಕಾಣುತ್ತದೆ, ನಮ್ಮ ವರ್ಕ್‌ಶಾಪಿನ ತಗಡು ಕೂಡ. ಅಲ್ಲಿಂದ ಮುಂದೆ ನಾನು ನೋಡಿಲ್ಲ. ಹಸು ಇಲ್ಲ.

ಇಷ್ಟಕ್ಕೆ ಮಾತ್ರ ಸಹಿ ಕೇಳುತ್ತಿದ್ದೇನೆ. ಬಂದರೆ ಭಾನುವಾರ ಬೆಳಿಗ್ಗೆ ನಿಲ್ದಾಣದಲ್ಲಿ ನಿಂತು ಎಲ್ಲವನ್ನೂ ಎಲ್ಲರಿಗೂ ಹೇಳುತ್ತೇನೆ. ಬರದಿದ್ದರೂ ಹೇಳುತ್ತೇನೆ.

ನಿನ್ನ ಭಾವ


ಡಿಸೆಂಬರ್ 25, ಗುರುವಾರ

ಪ್ರೀತಿಯ ಭಾವನಿಗೆ,

ಸಹಿ ಹಾಕಿದ ವರದಿ ಜೊತೆಗಿದೆ. ಪೈಪಿನ ಹತ್ತಿರ ನನಗೂ ಎಡವಿದಂತಾಯಿತು.

ಕಚೇರಿಯಿಂದ ಉತ್ತರ ಬಂತು. "ಮೂರು ದಿನ ಖಾಲಿ ಬಿಟ್ಟಿದ್ದೇವೆ. ಮುಂದಿನ ಸಲ ಜ್ವರ ಬಂದರೆ ಜ್ವರ ಎಂದೇ ಬರೆಯಿರಿ" ಎಂದರು. ಬಡ್ತಿ ಒಂದು ವರ್ಷ ಮುಂದಕ್ಕೆ ಹೋಯಿತು. ಹೋಗಲಿ, ದ್ವೀಪದಲ್ಲಿ ನನಗಿಂತ ಮೇಲಿನ ಕುರ್ಚಿ ಇರುವುದೂ ಒಂದೇ, ಅದರ ಮೇಲೆ ಬೆಕ್ಕು ಮಲಗುತ್ತದೆ.

ಭಾನುವಾರಕ್ಕಿಂತ ಮೊದಲು ಅಕ್ಕನಿಗೆ ಹೇಳಿ. ಇಪ್ಪತ್ತಮೂರು ಜನರ ನಡುವೆ ನಿಂತು ಅವಳು ಅದನ್ನು ಕೇಳಬಾರದು.

ನಿಮ್ಮ ನಾದಿನಿ


ಡಿಸೆಂಬರ್ 29, ಸೋಮವಾರ

ಪ್ರೀತಿಯ ನಾದಿನಿಗೆ,

ನಿನ್ನ ಸಹಿ ಶನಿವಾರ ಮಧ್ಯಾಹ್ನ ಕೈಸೇರಿತು. ಸಂಜೆ ನಿಮ್ಮಕ್ಕ ಟೋಪಿಗಳಿಗೆ ರಿಬ್ಬನ್ ಕಟ್ಟುತ್ತ ಕೂತಿದ್ದಳು. ಹೇಳಿದೆ. ಬೈಗುಳಕ್ಕೆ ಸಿದ್ಧನಾಗಿಯೇ ಕೂತಿದ್ದೆ. ಅವಳು ಮೂರು ರಿಬ್ಬನ್ ಕಟ್ಟಿ ಮುಗಿಸಿ, "ಮಾತ್ರೆ ಎಲ್ಲಿಟ್ಟಿದೀರಿ" ಎಂದಳು. ವರ್ಕ್‌ಶಾಪಿನಲ್ಲಿ ಎಂದೆ. "ಮನೇಗ್ ತಂದಿಡಿ. ನಾನು ಕೊಡ್ತೀನಿ" ಎಂದಳು. ನಾಲ್ಕನೆಯ ಟೋಪಿ ಕೈಗೆತ್ತಿಕೊಂಡಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಿನ್ನೆ ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಬಸ್ ನಿಲ್ದಾಣದಲ್ಲಿ ಸೇರಿದರು. ಬಾಯಿ ತೆರೆದರೆ ಹಬೆ ಬರುವಷ್ಟು ಚಳಿ. ಎಲ್ಲರ ತಲೆಯ ಮೇಲೂ ಕೆಂಪು, ಹಳದಿ, ನೀಲಿ ರಿಬ್ಬನ್ನುಗಳು. ನಾನು ಬೆಂಚಿನ ಮೇಲೆ ಹತ್ತಿ ನಿಂತು ಎರಡೂ ವರದಿಗಳನ್ನು ಓದಿದೆ, ಸುಳ್ಳಿನದು ಮೊದಲು, ಆಮೇಲೆ ನಿಜದ್ದು. ಎದೆಯ ವಿಷಯವನ್ನೂ ಹೇಳಿದೆ.

ಎಲ್ಲರೂ ಬಂದು ತಬ್ಬಿಕೊಂಡರು ಎಂದು ತಿಳಿಯಬೇಡ. ನರ್ಸಮ್ಮ ಮುಂದೆ ಬಂದು, "ನಮ್ಮಮ್ಮನ್ನ ಕರ್ಕೊಂಡ್ ಬಂದಿದೀನಿ ಸಾರ್, ನಿಮ್ಮನ್ನ ನಂಬ್ಕೊಂಡು" ಎಂದಳು. ಇಬ್ಬರು ಅಲ್ಲಿಂದಲೇ ವಾಪಸು ಬಸ್ಸು ಹತ್ತಿದರು. ಬೇಕರಿಯವನು, "ಹಂಗಾದ್ರೆ ಈ ಕೇಕ್ ಏನ್ ಮಾಡ್ಲಿ" ಎಂದ. ಆಗ ನರ್ಸಮ್ಮನ ತಾಯಿ, "ಮೊದಲ ತಿರುವು ಮೂವತ್ತೇಳು ನಿಮಿಷ ಅಲ್ವಾ? ನನ್ ಬೂಟಿಗೆ ಅಷ್ಟೇ ಸಾಕು. ನಡೀರಿ" ಎಂದರು.

ಅಭ್ಯಾಸಬಲದಿಂದ ನಾನು ಮುಂದೆ ಹೋಗಿ ನಿಂತೆ. ನರ್ಸಮ್ಮ ನನ್ನ ಕೈಯಿಂದ ವರದಿ ತೆಗೆದುಕೊಂಡು, "ಇವತ್ತು ನೀವು ಹಿಂದೆ ಬನ್ನಿ ಸಾರ್" ಎಂದಳು. ಅದು ದಯೆಯಲ್ಲ, ಸಿಟ್ಟು. ನಾನು ಹಿಂದೆ ಹೋದೆ.

ತಿರುವು ಮುಟ್ಟಲು ಐವತ್ತೆರಡು ನಿಮಿಷ ಬೇಕಾಯಿತು. ಪೈಪಿನ ಹತ್ತಿರ ಯಾರೂ ಎಡವಲಿಲ್ಲ. ಕೇಕು ಕತ್ತರಿಸಿದೆವು, ಕೋಕೋ ಕುಡಿದೆವು, ಹಾಡಿದೆವು. ಹಾಡಂತೂ ಎಂದಿನಷ್ಟೇ ಕೆಟ್ಟದಾಗಿತ್ತು. ಆಮೇಲೆ ನರ್ಸಮ್ಮ ಮತ್ತು ಬೇಕರಿಯವನು, ಜನವರಿಯ ನಡಿಗೆಗೆ ಮುನ್ನಡಿಗೆ ಎಂದು ಇಬ್ಬರೇ ಮೇಲಕ್ಕೆ ಹೋದರು. ಮೂರು ಗಂಟೆಗೆ ಹಿಂದಿರುಗಿದರು. ನರ್ಸಮ್ಮ ನನ್ನ ಪಕ್ಕ ಬಂದು ಕೂತಳು. "ಗೋಡೆ ಇಲ್ಲ ಸಾರ್. ದಾರೀನೂ ಇಲ್ಲ. ಒಂದು ಬಸ್ಸಿನಷ್ಟು ಉದ್ದ ಕುಸಿದು ಹೋಗಿದೆ. ಅಂಚಿನ ಹುಲ್ಲು ಬೆಳ್ದು ಮುಚ್ಕೊಂಡಿದೆ, ಕಾಲಿಟ್ರೇನೇ ಗೊತ್ತಾಗೋದು" ಎಂದಳು. ಗೋಡೆ ಬಂಡೆಯಂತಿದೆ ಎಂದು ನಿನಗೆ ನನ್ನ ಕೈಯಾರೆ ಬರೆದಿದ್ದೆ. ನಾನಿನ್ನು ಸಂಘವನ್ನು ನಡೆಸುವುದಿಲ್ಲ, ಅವಳು ನಡೆಸುತ್ತಾಳೆ. ವರದಿ ನಿನಗೇ ಬರುತ್ತದೆ. ನನ್ನನ್ನು ಕೇಳಿದ್ದಕ್ಕಿಂತ ಗಟ್ಟಿಯಾಗಿ ಅವಳನ್ನು ಕೇಳು.

ಮುಂದೆ ನಿಲ್ಲದಿದ್ದರೆ ನಾನು ಯಾರು ಎಂದು ಬರೆದಿದ್ದೆನಲ್ಲ, ಅದಕ್ಕೆ ಉತ್ತರ ಇನ್ನೂ ಸಿಕ್ಕಿಲ್ಲ. ಆದರೆ ಒಂದು ವಿಷಯ ನಿನಗೆ ಹೇಳಬೇಕು. ಹತ್ತೊಂಬತ್ತು ವರ್ಷ ಇವರೆಲ್ಲ ನನಗೆ ಬೆನ್ನ ಹಿಂದಿನ ಸದ್ದು ಮಾತ್ರ. ಇವರು ನಡೆಯುವುದನ್ನು ನಾನು ನೋಡಿದ್ದು ನಿನ್ನೆಯೇ ಮೊದಲು. ಬೇಕರಿಯವನು ಬಲಗಡೆಗೆ ವಾಲಿ ನಡೆಯುತ್ತಾನೆ. ನರ್ಸಮ್ಮನ ತಾಯಿ ಹೆಜ್ಜೆಗೊಮ್ಮೆ ಏನನ್ನೋ ಎಣಿಸುತ್ತಾರೆ. ನಿಮ್ಮಕ್ಕ ಗುಂಪಿನ ಕೊನೆಯಲ್ಲಿ, ನನ್ನ ಮುಂದೆಯೇ ಹೋಗುತ್ತಿದ್ದಳು. ಏರು ಬಂದಾಗಲೆಲ್ಲ ಎಡಗಾಲು ಎಳೆಯುತ್ತಿದ್ದಳು.

ಮನೆಯಲ್ಲಿ, ಸಮತಟ್ಟಿನಲ್ಲಿ ಅದು ಗೊತ್ತಾಗುವುದಿಲ್ಲ. ಏರಿನಲ್ಲಿ ಮಾತ್ರ ಕಾಣುತ್ತದೆ. ಯಾವಾಗಿನಿಂದ ಎಂದು ಕೇಳಿದೆ.

"ಏಳು ವರ್ಷ ಆಯ್ತು" ಎಂದಳು.

ಯಾಕೆ ಹೇಳಲಿಲ್ಲ ಎಂದೆ.

"ನೀವು ಮುಂದೆ ಇರ್ತಿದ್ರಲ್ಲ" ಎಂದಳು.

ಇಳಿಯುವಾಗ ಅವಳ ಕೈ ಹಿಡಿದುಕೊಂಡೆ. ನಾವಿಬ್ಬರೂ ಎಲ್ಲರಿಗಿಂತ ಕೊನೆಗೆ ಕೆಳಗೆ ತಲುಪಿದೆವು.

ನಿನ್ನ ಭಾವ